ಪರದೆಗೆ ಕೊನೆಯ ಸರದಿ

ಕಂಪ್ಯೂಟರಿನ ಮುಂದೆ ಕೂತವರೆಲ್ಲ ಒಮ್ಮೆಯಾದರೂ ಕಂಡಿರುವ ದೃಶ್ಯವಿದು. ಬರೆದದ್ದನ್ನು ಉಳಿಸಲೆಂದು ಮೌಸ್ ಒತ್ತುತ್ತಾರೆ. ಏನೂ ಆಗುವುದಿಲ್ಲ. ಮತ್ತೊಮ್ಮೆ ಒತ್ತಿದರೂ ಅಷ್ಟೇ. ಅದರ ಮೇಲೆ ಇನ್ನೊಂದು ಕಿಟಕಿಯನ್ನು ಎಳೆದು ಸರಿಸಿದರೆ, ಸರಿದ ಜಾಗದಲ್ಲಿ ಅಕ್ಷರವೂ ಇಲ್ಲ, ಚಿತ್ರವೂ ಇಲ್ಲ, ಬರೀ ಬಿಳುಪು. ಹತ್ತಿಪ್ಪತ್ತು ವರ್ಷಗಳ ಹಿಂದಿನ ಯಂತ್ರವಾದರೆ, ಎಳೆದ ಕಿಟಕಿಯ ಅಚ್ಚುಗಳೇ ಒಂದರ ಮೇಲೊಂದು ಬಿದ್ದು ಬೀಸಣಿಗೆಯಂತೆ ಹರಡಿಕೊಳ್ಳುತ್ತಿದ್ದವು. ಇಷ್ಟೆಲ್ಲದರ ನಡುವೆ ಮೌಸಿನ ಬಾಣ ಮಾತ್ರ ಕೈ ಹೋದತ್ತ ಚುರುಕಾಗಿ ಓಡಾಡುತ್ತಿರುತ್ತದೆ. ಯಂತ್ರ ಬದುಕಿದೆಯೋ ಸತ್ತಿದೆಯೋ ಎಂದು ಹೇಳಲಾಗದ ಸ್ಥಿತಿ.

ಇದು ಯಂತ್ರದ ಚಾಳಿಯಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಕೆಲವು ಎಂಜಿನಿಯರುಗಳು ಬಹಳ ಹಿಂದೆಯೇ ಗೊತ್ತುಮಾಡಿಟ್ಟ ಸರದಿಯ ಫಲ. ಆ ಸರದಿಯಲ್ಲಿ ಪರದೆಯ ಮೇಲೆ ಚಿತ್ರ ಬರೆಯುವ ಕೆಲಸಕ್ಕೆ ಸಿಕ್ಕಿದ್ದು ಹೆಚ್ಚುಕಡಿಮೆ ಕೊನೆಯ ಸ್ಥಾನ. ಮನುಷ್ಯ ನೋಡುವುದೇ ಪರದೆಯನ್ನು. ಹಾಗಿದ್ದೂ ಅದಕ್ಕೇಕೆ ಕೊನೆಯ ಸ್ಥಾನ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಚಂದ್ರಯಾನದಿಂದ ಹಿಡಿದು ಆಸ್ಪತ್ರೆಯ ಒಂದು ದುರಂತದವರೆಗೆ ಹೋಗಬೇಕಾಗುತ್ತದೆ.

ಪ್ಯಾಸೆಂಜರ್ ರೈಲು ಮಾತ್ರ ನಿಲ್ಲುವ ಸಣ್ಣದೊಂದು ನಿಲ್ದಾಣವನ್ನು ನೆನೆಸಿಕೊಳ್ಳಿ. ಇರುವುದು ಒಬ್ಬರೇ ಸ್ಟೇಷನ್ ಮಾಸ್ತರರು. ಫೋನು ಬಂದರೆ ಅವರೇ ಎತ್ತಬೇಕು, ಟಿಕೆಟ್ ಅವರೇ ಕೊಡಬೇಕು, ರೈಲು ಎಷ್ಟು ತಡ ಎಂದು ಹೊರಗಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವವರೂ ಅವರೇ. ಹತ್ತು ನಿಮಿಷ ತಡ ಎಂದು ಫೋನು ಬರುತ್ತದೆ. ಬರೆಯಲು ಏಳುವಷ್ಟರಲ್ಲಿ ಇಪ್ಪತ್ತು ನಿಮಿಷ ಎಂದು ಇನ್ನೊಂದು, ಆಮೇಲೆ ನಲವತ್ತು ಎಂದು ಮತ್ತೊಂದು. ಪ್ರತಿ ಸಲವೂ ಹೊರಗೆ ಹೋಗಿ ಅಳಿಸಿ ಬರೆಯುತ್ತ ಕೂತರೆ ಟಿಕೆಟಿನ ಸಾಲು ಕರಗುವುದಿಲ್ಲ. ಆದ್ದರಿಂದ ಜಾಣ ಮಾಸ್ತರರು ಫೋನು, ಟಿಕೆಟ್ ಎಲ್ಲ ಮುಗಿಸಿ, ಕೈ ಖಾಲಿಯಾದಾಗ ಎದ್ದುಹೋಗಿ ನಲವತ್ತು ಎಂದು ಒಂದೇ ಸಲ ಬರೆದು ಬರುತ್ತಾರೆ. ಹತ್ತು, ಇಪ್ಪತ್ತು ಎಂದು ಬರೆಯುವ ಶ್ರಮ ಉಳಿಯಿತು. ಬದಲಿಗೆ, ಸ್ವಲ್ಪ ಹೊತ್ತು ಹಲಗೆ ಹಳೆಯ ಸುದ್ದಿ ಹೇಳುತ್ತಿತ್ತು.

ಕಿಟಕಿ, ಮೌಸ್, ಮೆನು ಇರುವ ಯಾವುದೇ ಪ್ರೋಗ್ರಾಮಿನ ಒಳಗೂ ಇಂಥ ಒಬ್ಬ ಮಾಸ್ತರ ಇರುತ್ತಾನೆ. ಕೀಲಿ ಒತ್ತಿದ್ದು, ಮೌಸ್ ಸರಿದದ್ದು, ಗಡಿಯಾರ ಬಡಿದದ್ದು, ಕಿಟಕಿಯ ಮುಚ್ಚಿದ ಭಾಗ ತೆರೆದುಕೊಂಡದ್ದು, ಎಲ್ಲವೂ ಅವನ ಪಾಲಿಗೆ ಒಂದೊಂದು ‘ಇವೆಂಟ್’, ಅಂದರೆ ಘಟನೆ. ಸಾಲಿನಿಂದ ಒಂದು ಘಟನೆಯನ್ನು ಎತ್ತಿಕೊಳ್ಳುವುದು, ಅದಕ್ಕೆ ತಕ್ಕ ಕೆಲಸ ಮಾಡುವುದು, ಮತ್ತೆ ಸಾಲಿಗೆ ಮರಳುವುದು, ಹೀಗೆ ಪ್ರೋಗ್ರಾಂ ಮುಚ್ಚುವ ತನಕ ಸುತ್ತುತ್ತಲೇ ಇರುವ ಈ ಚಕ್ರಕ್ಕೆ ‘ಇವೆಂಟ್ ಲೂಪ್’ ಎಂದು ಹೆಸರು. ಯಾವ ಘಟನೆಯನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದೇ ಆದ್ಯತೆಯ ಪ್ರಶ್ನೆ.

ಚಂದ್ರನ ಮೇಲಿನ ಎಚ್ಚರಿಕೆ

ಆದ್ಯತೆಯ ಈ ವಿಚಾರಕ್ಕೆ ಇಡೀ ಜಗತ್ತು ಕಿವಿಗೊಟ್ಟಿದ್ದಾಗಲೇ ಅಗ್ನಿಪರೀಕ್ಷೆ ಎದುರಾದದ್ದು 1969ರ ಜುಲೈ 20ರಂದು. ಆಗ ಕಿಟಕಿಗಳಿರಲಿಲ್ಲ. ಮೌಸನ್ನು ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್‌ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ತೋರಿಸಿ ಏಳು ತಿಂಗಳಷ್ಟೇ ಕಳೆದಿತ್ತು. ಚಂದ್ರನ ಮೇಲೆ ಇಳಿಯುತ್ತಿದ್ದ ‘ಈಗಲ್’ ನೌಕೆಯ ಕಂಪ್ಯೂಟರಿಗೆ ಇದ್ದದ್ದು ಹಸಿರು ಅಂಕಿಗಳು ಮೂಡುವ ಪುಟ್ಟ ಫಲಕ ಮತ್ತು ಕೆಲವು ಕೀಲಿಗಳು. ಅದಕ್ಕೆ ಆಜ್ಞೆ ಕೊಡುವ ರೀತಿಯೂ ಸ್ವಾರಸ್ಯಕರ: ಒಂದು ಕ್ರಿಯಾಪದದ ಸಂಖ್ಯೆ, ಒಂದು ನಾಮಪದದ ಸಂಖ್ಯೆ. ಕ್ರಿಯಾಪದ 16 ಎಂದರೆ ‘ಬಿಡದೆ ತೋರಿಸುತ್ತಿರು’. ನಾಮಪದ 68ರಲ್ಲಿ ಬರುವ ಅಂಕಿಗಳಲ್ಲೊಂದು, ರೇಡಾರ್ ಅಳೆದ ಎತ್ತರಕ್ಕೂ ಕಂಪ್ಯೂಟರ್ ಲೆಕ್ಕಹಾಕಿದ ಎತ್ತರಕ್ಕೂ ಇರುವ ವ್ಯತ್ಯಾಸ.

ಆ ಕಂಪ್ಯೂಟರಿನಲ್ಲಿ ಬರೆದು ಅಳಿಸಬಹುದಾದ ಸ್ಮರಣೆ ಕೇವಲ 2,048 ಪದಗಳಷ್ಟು. ಅಷ್ಟರಲ್ಲೇ ಎಂಜಿನ್ ನಡೆಸಬೇಕು, ದಿಕ್ಕು ಹಿಡಿಯಬೇಕು, ಫಲಕದಲ್ಲಿ ಅಂಕಿ ತೋರಿಸಬೇಕು. ಎಂ.ಐ.ಟಿ. ಪ್ರಯೋಗಾಲಯದ ಹಾಲ್ ಲ್ಯಾನಿಂಗ್ ಎಂಬ ಗಣಿತಜ್ಞ ಇದಕ್ಕೆಂದು ‘ಎಕ್ಸಿಕ್ಯುಟಿವ್’ ಎಂಬ ವ್ಯವಸ್ಥೆಯನ್ನು ರೂಪಿಸಿದ್ದರು. ಪ್ರತಿ ಕೆಲಸಕ್ಕೂ ಒಂದು ಆದ್ಯತೆಯ ಸಂಖ್ಯೆ. ಮೇಲಿನ ಸಂಖ್ಯೆಯ ಕೆಲಸ ಬಂದರೆ ಕೆಳಗಿನದು ಬದಿಗೆ ಸರಿಯಬೇಕು.

ಇಳಿಯುವಾಗ, ಆ ಹೊತ್ತಿಗೆ ಬೇಡವಾಗಿದ್ದ ಇನ್ನೊಂದು ರೇಡಾರಿನಿಂದ ಅರ್ಥವಿಲ್ಲದ ಸಂಕೇತಗಳು ಧಾರಾಳವಾಗಿ ಬಂದು ಕಂಪ್ಯೂಟರಿನ ಸಮಯದಲ್ಲಿ ಶೇಕಡಾ 15ರಷ್ಟನ್ನು ತಿನ್ನತೊಡಗಿದವು. ಅದೇ ವೇಳೆಗೆ ಬಜ್ ಆಲ್ಡ್ರಿನ್ 16, 68 ಎಂದು ಒತ್ತಿ ಎತ್ತರದ ಅಂಕಿಯನ್ನು ಬಿಡದೆ ತೋರಿಸಲು ಕೇಳಿದರು. ಕೂಡಲೇ 1202 ಎಂಬ ಎಚ್ಚರಿಕೆ. ಕೆಲಸಗಳು ಹೆಚ್ಚಾಗಿವೆ, ಹೊಸದಕ್ಕೆ ಜಾಗವಿಲ್ಲ ಎಂದು ಅದರ ಅರ್ಥ. ಹ್ಯೂಸ್ಟನ್‌ನಲ್ಲಿದ್ದ 24 ವರ್ಷದ ಜ್ಯಾಕ್ ಗಾರ್ಮನ್ ಕೆಲವೇ ದಿನಗಳ ಹಿಂದೆ ಇಂಥ ಎಚ್ಚರಿಕೆಗಳನ್ನೆಲ್ಲ ಒಂದು ಹಾಳೆಯಲ್ಲಿ ಕೈಬರಹದಲ್ಲಿ ಪಟ್ಟಿ ಮಾಡಿಟ್ಟುಕೊಂಡಿದ್ದರು. ಪದೇ ಪದೇ ಬರದಿದ್ದರೆ ಅಪಾಯವಿಲ್ಲ ಎಂದು ಅವರು ಹೇಳಿದರು. 26ರ ಸ್ಟೀವ್ ಬೇಲ್ಸ್ ಮುಂದುವರಿಯಲು ಒಪ್ಪಿಗೆ ಕೊಟ್ಟರು.

ಸ್ವಲ್ಪ ಹೊತ್ತಿಗೆ ಮತ್ತೆ 1202. ಅಂಕಿ ತೋರಿಸಲು ಕೇಳಿದಾಗಲೇ ಎಚ್ಚರಿಕೆ ಬರುತ್ತಿದೆ ಎಂಬುದನ್ನು ಆಲ್ಡ್ರಿನ್ ಗಮನಿಸಿ ಹೇಳಿದರು. ಆ ಅಂಕಿಯನ್ನು ತಾವೇ ಭೂಮಿಯಿಂದ ನೋಡಿಕೊಳ್ಳುತ್ತೇವೆ ಎಂದು ಹ್ಯೂಸ್ಟನ್ ಉತ್ತರಿಸಿತು. ಹಲಗೆಗೆ ಬರೆಯುವ ಕೆಲಸವನ್ನು ಮಾಸ್ತರರ ಕೈಯಿಂದ ಬೇರೆಯವರು ತೆಗೆದುಕೊಂಡಂತಾಯಿತು.

ಪ್ರತಿ ಎಚ್ಚರಿಕೆಗೂ ಕಂಪ್ಯೂಟರ್ ತನ್ನನ್ನು ತಾನೇ ಮತ್ತೆ ಆರಂಭಿಸಿಕೊಳ್ಳುತ್ತಿತ್ತು. ಆಗ ಎಂಜಿನ್ ನಡೆಸುವ, ದಾರಿ ಹಿಡಿಯುವ ಕೆಲಸಗಳನ್ನು ಬಿಟ್ಟ ಜಾಗದಿಂದಲೇ ಎತ್ತಿಕೊಳ್ಳುತ್ತಿತ್ತು. ಆಲ್ಡ್ರಿನ್ ಕೇಳಿದ್ದ ಪ್ರದರ್ಶನವನ್ನು ಕೈಬಿಡುತ್ತಿತ್ತು. ನೋಡುವ ಕಣ್ಣಿಗಿಂತ ಉರಿಯುವ ಎಂಜಿನ್ ಮುಖ್ಯ ಎಂಬ ತೀರ್ಮಾನ ಮೊದಲೇ ಆಗಿತ್ತು. ನೌಕೆ ಇಳಿಯಿತು. ಪರದೆಯ ಸರದಿ ಕೊನೆಗಿರಬೇಕು ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಲಾರದು.

128 ಕಿಲೋಬೈಟಿನ ಸಂಸಾರ

ಮುಂದಿನ ಕಥೆ ನಡೆಯುವುದು ಕ್ಯಾಲಿಫೋರ್ನಿಯಾದಲ್ಲಿದ್ದ ಝೆರಾಕ್ಸ್ ಕಂಪನಿಯ ‘ಪಾರ್ಕ್’ ಸಂಶೋಧನಾ ಕೇಂದ್ರದಲ್ಲಿ. 1973ರಲ್ಲಿ ಅಲ್ಲಿ ಚಕ್ ಥ್ಯಾಕರ್ ವಿನ್ಯಾಸಗೊಳಿಸಿದ ‘ಆಲ್ಟೊ’ ಎಂಬ ಯಂತ್ರದ ಪರದೆ ಕಾಗದದ ಹಾಳೆಯಂತೆ ಉದ್ದಕ್ಕಿತ್ತು: ಅಡ್ಡಕ್ಕೆ 606, ಉದ್ದಕ್ಕೆ 808 ಚುಕ್ಕಿಗಳು. ಪ್ರತಿ ಚುಕ್ಕಿಗೂ ಸ್ಮರಣೆಯಲ್ಲಿ ಒಂದು ಮನೆ. ಲೆಕ್ಕ ಹಾಕಿದರೆ ಯಂತ್ರದ 128 ಕಿಲೋಬೈಟ್ ಸ್ಮರಣೆಯಲ್ಲಿ ಅರ್ಧದ ಹತ್ತಿರ ಪರದೆಗೇ ಹೋಗುತ್ತಿತ್ತು. ಅಷ್ಟು ಸಾಲದೆಂಬಂತೆ, ಆ ಚುಕ್ಕಿಗಳನ್ನು ಗಾಜಿನ ಕೊಳವೆಗೆ ಮತ್ತೆ ಮತ್ತೆ ಸಾಗಿಸುವುದರಲ್ಲೇ ಪ್ರೊಸೆಸರಿನ ಸಮಯದಲ್ಲೂ ಅರ್ಧಕ್ಕಿಂತ ಹೆಚ್ಚು ಕಳೆಯುತ್ತಿತ್ತು. ಆಲ್ಟೊದ ಪ್ರೊಸೆಸರನ್ನು ಆದ್ಯತೆಯ ಪ್ರಕಾರ 16 ಕೆಲಸಗಳು ಹಂಚಿಕೊಳ್ಳಬಹುದಿತ್ತು. ಬಳಕೆದಾರನ ಪ್ರೋಗ್ರಾಮಿಗೆ ಅಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ಥಾನ.

ಇಲ್ಲಿ ಪರದೆಗೆ ಮೊದಲ ಮಣೆ ಸಿಕ್ಕಿತಲ್ಲ ಎನ್ನಿಸಬಹುದು. ಆದರೆ ಪರದೆಯ ಕೆಲಸ ಎಂಬುದರಲ್ಲೇ ಎರಡಿವೆ. ಸ್ಮರಣೆಯಲ್ಲಿ ಇರುವ ಚುಕ್ಕಿಗಳನ್ನು ಗಾಜಿಗೆ ಸಾಗಿಸುವುದು ಒಂದು. ಅದು ಒಂದು ಕ್ಷಣ ನಿಂತರೂ ಚಿತ್ರ ಮಿಣುಕುತ್ತದೆ, ಆದ್ದರಿಂದ ಕಾಯುವಂತಿಲ್ಲ. ಯಾವ ಚುಕ್ಕಿ ಕಪ್ಪು, ಯಾವುದು ಬಿಳಿ ಎಂದು ನಿರ್ಧರಿಸಿ ಸ್ಮರಣೆಯಲ್ಲಿ ಬರೆಯುವುದು ಇನ್ನೊಂದು. ಕಾಯಿಸುವುದು ಈ ಎರಡನೆಯದನ್ನು. ಪ್ರೋಗ್ರಾಂ ನಿಂತುಹೋದರೂ ಹಳೆಯ ಚಿತ್ರ ಪರದೆಯ ಮೇಲೆ ಸ್ವಚ್ಛವಾಗಿ ನಿಂತಿರುವುದಕ್ಕೆ ಕಾರಣ ಇದೇ.

1979ರ ಡಿಸೆಂಬರಿನಲ್ಲಿ ಆಪಲ್ ಕಂಪನಿಯ ಕೆಲವರು ಪಾರ್ಕ್‌ಗೆ ಭೇಟಿ ಕೊಟ್ಟರು. ಅವರಲ್ಲಿ ಬಿಲ್ ಆಟ್ಕಿನ್ಸನ್ ಕೂಡ ಇದ್ದರು. ಒಂದರ ಮೇಲೊಂದು ಹಾಸಿದ ಕಿಟಕಿಗಳನ್ನು ಅಲ್ಲಿ ನೋಡಿದ ಅವರು, ಅರ್ಧ ಮುಚ್ಚಿದ ಹಿಂದಿನ ಕಿಟಕಿಯೊಳಗೂ ಚಿತ್ರ ತಾನಾಗಿ ಬದಲಾಗುತ್ತದೆ ಎಂದು ಭಾವಿಸಿ ಮರಳಿದರು. ವಾಸ್ತವವಾಗಿ ಪಾರ್ಕ್‌ನವರಿಗೆ ಅದು ಸಾಧ್ಯವಾಗಿರಲಿಲ್ಲ. ಅವರು ಮಾಡಿದ್ದಾರೆಂದರೆ ತಾನೂ ಮಾಡಬಹುದು ಎಂಬ ತಪ್ಪು ನಂಬಿಕೆಯಿಂದಲೇ ಆಟ್ಕಿನ್ಸನ್ ಅದನ್ನು ಸಾಧಿಸಿಬಿಟ್ಟರು! ಕಿಟಕಿಯ ಯಾವ ಭಾಗ ಕಾಣುತ್ತದೆ, ಯಾವುದು ಮುಚ್ಚಿದೆ ಎಂಬುದನ್ನು, ಆಕಾರ ಎಷ್ಟೇ ವಕ್ರವಾಗಿರಲಿ, ಬಹಳ ಕಡಿಮೆ ಜಾಗದಲ್ಲಿ ಬರೆದಿಟ್ಟು ಕೂಡಿಸಿ ಕಳೆಯುವ ವಿಧಾನವದು. ‘ರೀಜನ್’ ಎಂದು ಅದಕ್ಕೆ ಹೆಸರು. ಆ ದಿನಗಳಲ್ಲಿ ಅವರ ಕಾರು ನಿಂತಿದ್ದ ಲಾರಿಗೆ ಗುದ್ದಿತು. ಆಸ್ಪತ್ರೆಗೆ ಓಡಿಬಂದ ಸ್ಟೀವ್ ಜಾಬ್ಸ್‌ಗೆ, ರೀಜನ್ ವಿದ್ಯೆ ಇನ್ನೂ ನೆನಪಿದೆ, ಚಿಂತಿಸಬೇಡಿ ಎಂದು ಆಟ್ಕಿನ್ಸನ್ ಹೇಳಿದರೆಂಬ ಪ್ರಸಂಗವನ್ನು ಸಹೋದ್ಯೋಗಿ ಆಂಡಿ ಹರ್ಟ್ಸ್‌ಫೆಲ್ಡ್ ದಾಖಲಿಸಿದ್ದಾರೆ.

1984ರ ಜನವರಿ 24ರಂದು ಮೆಕಿಂಟೋಷ್ ಮಾರುಕಟ್ಟೆಗೆ ಬಂತು. ಅದರ ಒಟ್ಟು ಸ್ಮರಣೆಯೂ 128 ಕಿಲೋಬೈಟ್. 512 ಅಡ್ಡ, 342 ಉದ್ದದ ಕಪ್ಪುಬಿಳುಪಿನ ಪರದೆಗೆ 21,888 ಬೈಟುಗಳು ಬೇಕು. ಅಂದರೆ ಇಡೀ ಆಸ್ತಿಯ ಆರನೆಯ ಒಂದು ಪಾಲು. ಪರದೆಯ ಚಿತ್ರವನ್ನು ಒಂದು ಪ್ರತಿ ಇಟ್ಟುಕೊಳ್ಳುವುದಕ್ಕೇ ಇಷ್ಟಾದರೆ, ತೆರೆದ ಪ್ರತಿಯೊಂದು ಕಿಟಕಿಯ ಚಿತ್ರವನ್ನೂ ಬೇರೆ ಬೇರೆ ಎತ್ತಿಡುವ ಮಾತೇ ಇರಲಿಲ್ಲ. ಆದ್ದರಿಂದ ಒಂದು ಉಪಾಯ ಹೂಡಿದರು. ಮುಚ್ಚಿಹೋದ ಭಾಗದ ಚಿತ್ರವನ್ನು ಮರೆತುಬಿಡುವುದು. ಅದು ಮತ್ತೆ ತೆರೆದುಕೊಂಡಾಗ, ‘ನಿನ್ನ ಕಿಟಕಿಯ ಇಂಥ ಜಾಗ ಖಾಲಿಯಾಗಿದೆ, ಮತ್ತೆ ಬರೆ’ ಎಂದು ಆ ಪ್ರೋಗ್ರಾಮಿಗೇ ಹೇಳಿಕಳುಹಿಸುವುದು. ಆ ಸಂದೇಶದ ಹೆಸರು ‘ಅಪ್‌ಡೇಟ್ ಇವೆಂಟ್’.

ಮೆಕಿಂಟೋಷಿನ ಇವೆಂಟ್ ಮ್ಯಾನೇಜರ್ ಘಟನೆಗಳನ್ನು ಕೊಡುವ ಕ್ರಮ ಹೀಗಿತ್ತು. ಯಾವ ಕಿಟಕಿ ಮುಂದಕ್ಕೆ ಬಂತು ಎಂಬ ಸುದ್ದಿ ಮೊದಲು. ಮೌಸ್, ಕೀಲಿ, ಫ್ಲಾಪಿ ತುರುಕಿದ್ದು ಮುಂತಾದವು ಬಂದ ಕ್ರಮದಲ್ಲೇ ಆಮೇಲೆ. ಕೀಲಿಯನ್ನು ಒತ್ತಿಹಿಡಿದಾಗ ಅದೇ ಅಕ್ಷರ ಮರುಕಳಿಸುವುದು ಅದರ ನಂತರ. ಎಲ್ಲ ಮುಗಿದ ಮೇಲೆ ಅಪ್‌ಡೇಟ್. ಅದರಲ್ಲೂ ಮುಂದಿರುವ ಕಿಟಕಿಗೆ ಮೊದಲು, ಹಿಂದಿನದಕ್ಕೆ ಆಮೇಲೆ. ಕೈಗೆ ಮೊದಲ ಸ್ಥಾನ, ಕಣ್ಣಿಗೆ ಕೊನೆಯದು.

ಮೌಸಿನ ಬಾಣಕ್ಕೆ ಮಾತ್ರ ಈ ಸಾಲಿನ ಹಂಗಿಲ್ಲ. ಪರದೆಯ ಒಂದು ಸುತ್ತು ಮುಗಿದು ಮುಂದಿನದು ಶುರುವಾಗುವ ಸಂದಿನಲ್ಲಿ, ಸೆಕೆಂಡಿಗೆ ಸುಮಾರು 60 ಸಲ, ಪ್ರೋಗ್ರಾಮನ್ನು ಕೇಳದೆಯೇ ಯಂತ್ರ ಅದನ್ನು ಬರೆಯುತ್ತಿತ್ತು. ಪ್ರೋಗ್ರಾಂ ಸತ್ತರೂ ಬಾಣ ಓಡಾಡುವ ಗುಟ್ಟು ಇದು. ಬಳಕೆದಾರರಿಗೆ ಅದೊಂದು ಭರವಸೆ. ಸ್ವಲ್ಪಮಟ್ಟಿಗೆ ಸುಳ್ಳು ಭರವಸೆ ಎಂದೂ ಹೇಳಬೇಕು.

ಬೇರೆಯವರೂ ಇದೇ ದಾರಿ ಹಿಡಿದರು. ಎಂ.ಐ.ಟಿ.ಯಲ್ಲಿ 1984ರಲ್ಲಿ ಹುಟ್ಟಿದ ‘ಎಕ್ಸ್’ ಕಿಟಕಿ ವ್ಯವಸ್ಥೆಯಲ್ಲಿ ಆ ಸಂದೇಶಕ್ಕೆ ‘ಎಕ್ಸ್‌ಪೋಸ್’ ಎಂದು ಹೆಸರು. 1985ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಂಡೋಸ್‌ನಲ್ಲಿ ಅದು ‘ಡಬ್ಲ್ಯುಎಂ ಪೇಂಟ್’. ವಿಂಡೋಸ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪೇಂಟ್ ಸಂದೇಶ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಸಾಲು ಖಾಲಿಯಾದಾಗ, ಬರೆಯಬೇಕಾದ ಜಾಗ ಏನಾದರೂ ಉಳಿದಿದೆಯೇ ಎಂದು ನೋಡಿ, ಇದ್ದರೆ ಆಗಷ್ಟೇ ಸಂದೇಶವನ್ನು ಹುಟ್ಟಿಸುತ್ತಾರೆ. ಹತ್ತು ಸಲ ಕೆಟ್ಟ ಜಾಗಕ್ಕೂ ಒಂದೇ ಸಲ ಬಣ್ಣ. ಅದಕ್ಕಿಂತ ಕೆಳಗಿರುವುದು ಗಡಿಯಾರದ ‘ಟೈಮರ್’ ಸಂದೇಶವೊಂದೇ. ಕಾಯಲಾಗದ ಪ್ರೋಗ್ರಾಮರುಗಳಿಗೆಂದು, ಸಾಲನ್ನು ದಾಟಿ ಕೂಡಲೇ ಬರೆಸಿಕೊಳ್ಳುವ ‘ಅಪ್‌ಡೇಟ್ ವಿಂಡೋ’ ಎಂಬ ಹಿಂಬಾಗಿಲನ್ನೂ ಇಟ್ಟರು.

1996ರ ಹೊತ್ತಿಗೆ ಬರ್ಕ್‌ಲಿಯ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ತಮ್ಮ ಚಿತ್ರ ತಿದ್ದುವ ಪ್ರೋಗ್ರಾಂ ‘ಗಿಂಪ್’ಗಾಗಿ ಶುರುಮಾಡಿದ ‘ಜಿಟಿಕೆ’ ಸಲಕರಣೆಯಲ್ಲಿ ಈ ಸರದಿ ಮುಂದೆ ಅಂಕಿಗಳಲ್ಲೇ ದಾಖಲಾಯಿತು. ಕೀಲಿ, ಮೌಸುಗಳಿಗೆ 0. ಗುಂಡಿ, ಪೆಟ್ಟಿಗೆಗಳ ಅಳತೆಯನ್ನು ಮತ್ತೆ ಲೆಕ್ಕಹಾಕುವುದಕ್ಕೆ 110. ಚಿತ್ರ ಬರೆಯುವುದಕ್ಕೆ 120. ಇಲ್ಲಿ ಅಂಕಿ ಸಣ್ಣದಿದ್ದಷ್ಟೂ ಆದ್ಯತೆ ಹೆಚ್ಚು. ಅಳತೆ ಗೊತ್ತಾಗುವ ಮೊದಲೇ ಬರೆದರೆ ಅಳಿಸಿ ಮತ್ತೆ ಬರೆಯಬೇಕಾಗುತ್ತದೆ, ಅದಕ್ಕೇ 110 ಮತ್ತು 120ರ ನಡುವಿನ ಆ ಹತ್ತರ ಅಂತರ. ಮನೆಗೆ ಗೋಡೆ ಎಬ್ಬಿಸಿದ ಮೇಲಲ್ಲವೇ ಸುಣ್ಣ ಬಳಿಯುವುದು.

ವ್ಯವಸ್ಥೆಯೇನೋ ಅಚ್ಚುಕಟ್ಟು. ಆದರೆ ಇದೆಲ್ಲ ನಡೆಯುವುದು ಮಾಸ್ತರ ಸಾಲಿಗೆ ಮರಳಿದರೆ. ಅವನು ಯಾವುದೋ ಹಳೆಯ ಲೆಕ್ಕಪುಸ್ತಕ ಕೂಡಿಸುತ್ತ ಒಳಗೇ ಕೂತುಬಿಟ್ಟರೆ ಟಿಕೆಟೂ ಇಲ್ಲ, ಹಲಗೆಯೂ ಇಲ್ಲ. ವಿಂಡೋಸ್‌ನ 3ರ ಸರಣಿಯ ತನಕ ಎಲ್ಲ ಪ್ರೋಗ್ರಾಮುಗಳೂ ಸರದಿಯನ್ನು ತಾವಾಗಿ ಬಿಟ್ಟುಕೊಡಬೇಕಿತ್ತು. ಒಂದು ಬಿಟ್ಟುಕೊಡದಿದ್ದರೆ ಉಳಿದವೆಲ್ಲ ಸ್ತಬ್ಧ. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95 ಹೊಸ ಪ್ರೋಗ್ರಾಮುಗಳಿಗೆ ಬೇರೆ ಬೇರೆ ಸಾಲು ಕೊಟ್ಟಿತು. ಆದರೂ ಒಂದೊಂದು ಪ್ರೋಗ್ರಾಮಿನ ಒಳಗೆ ಹಳೆಯ ಕಥೆ ಹಾಗೇ ಉಳಿಯಿತು. ಪರದೆಯ ಮೇಲೆ ಮೂಡುತ್ತಿದ್ದ ಮರಳು ಗಡಿಯಾರವನ್ನು ನೋಡಿ, ಯಂತ್ರ ಏನೋ ಮಾಡುತ್ತಿದೆ ಎಂದು ಜನ ಸಮಾಧಾನಪಡುತ್ತಿದ್ದರು. ಅದನ್ನು ಕೆಲಸಕ್ಕೆ ಕೂರುವ ಮೊದಲೇ ಪ್ರೋಗ್ರಾಂ ಬರೆದಿಟ್ಟು ಹೋಗಬೇಕಿತ್ತು. ‘ಊಟಕ್ಕೆ ಹೋಗಿದೆ’ ಎಂದು ಬಾಗಿಲಿಗೆ ಚೀಟಿ ಅಂಟಿಸಿದ ಹಾಗೆ. ಹೋದವನು ಬರುತ್ತಾನೋ ಇಲ್ಲವೋ ಎಂಬುದನ್ನು ಚೀಟಿ ಹೇಳಲಾರದು.

ಎಂಟು ಸೆಕೆಂಡು

ಇಲ್ಲಿಯವರೆಗಿನ ತೊಂದರೆ, ಪರದೆ ಯಂತ್ರಕ್ಕಿಂತ ಹಿಂದೆ ಬೀಳುವುದು. ಪರದೆ ಯಂತ್ರಕ್ಕಿಂತ ಮುಂದೆ ಹೋದರೆ ಏನಾಗಬಹುದು ಎಂಬುದಕ್ಕೆ ‘ಥೆರಾಕ್-25’ ಉದಾಹರಣೆ. ಕೆನಡಾದ ಎ.ಇ.ಸಿ.ಎಲ್. ಕಂಪನಿ ತಯಾರಿಸಿದ, ಕ್ಯಾನ್ಸರ್ ಗಡ್ಡೆಗಳಿಗೆ ವಿಕಿರಣ ಹಾಯಿಸುವ ಯಂತ್ರವದು. ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು, ಕಾವಲಿನ ಕೆಲಸವನ್ನೂ ಕಂಪ್ಯೂಟರಿಗೇ ವಹಿಸಲಾಗಿತ್ತು. ಅದರಲ್ಲಿ ಕಿಟಕಿ, ಮೌಸುಗಳಿರಲಿಲ್ಲ, ಅಕ್ಷರಗಳಷ್ಟೇ ಮೂಡುವ ಟರ್ಮಿನಲ್ ಇತ್ತು. ಆದರೂ ಒಳಗಿನ ಪ್ರಶ್ನೆ ಒಂದೇ: ಕೀಲಿಯನ್ನು ಆಲಿಸುವುದು ಒಂದು ಕೆಲಸ, ಯಂತ್ರವನ್ನು ಅಣಿಗೊಳಿಸುವುದು ಇನ್ನೊಂದು, ಇವೆರಡೂ ಪರಸ್ಪರ ಸುದ್ದಿ ಮುಟ್ಟಿಸುವುದು ಹೇಗೆ, ಯಾವಾಗ?

1986ರ ಮಾರ್ಚ್ 21ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ಪಟ್ಟಣದ ಆಸ್ಪತ್ರೆಯೊಂದರಲ್ಲಿ ರೋಗಿಯೊಬ್ಬರು ಎಲೆಕ್ಟ್ರಾನ್ ಚಿಕಿತ್ಸೆಗೆ ಮಲಗಿದ್ದರು. ನುರಿತ ಆಪರೇಟರ್ ‘ಎಲೆಕ್ಟ್ರಾನ್’ ಸೂಚಿಸುವ ಅಕ್ಷರದ ಬದಲು ‘ಎಕ್ಸ್-ರೇ’ ಸೂಚಿಸುವ ಅಕ್ಷರವನ್ನು ಒತ್ತಿಬಿಟ್ಟರು. ಕೂಡಲೇ ತಪ್ಪು ಗೊತ್ತಾಗಿ, ಮೇಲ್ಮುಖ ಬಾಣದ ಕೀಲಿಯಿಂದ ಹಿಂದೆ ಹೋಗಿ, ತಿದ್ದಿ, ಉಳಿದ ಸಾಲುಗಳನ್ನು ಹಾಗೇ ಒಪ್ಪಿ ಕೆಳಗೆ ಬಂದರು. ಪರದೆಯ ಮೇಲೆ ಎಲ್ಲವೂ ಸರಿಯಾಗಿತ್ತು. ಪ್ರತಿ ಸಾಲಿನ ಎದುರು ‘ಪರಿಶೀಲಿಸಲಾಗಿದೆ’ ಎಂದೂ, ಕೊನೆಗೆ ಕಿರಣ ಸಿದ್ಧವೆಂದೂ ಬಂತು. ಗುಂಡಿ ಒತ್ತಿದರು.

ಯಂತ್ರದ ಒಳಗೆ ನಡೆದದ್ದು ಬೇರೆ. ಕಿರಣವನ್ನು ಬಾಗಿಸುವ ಅಯಸ್ಕಾಂತಗಳು ಅಣಿಯಾಗಲು ಸುಮಾರು ಎಂಟು ಸೆಕೆಂಡು ಬೇಕಿತ್ತು. ಆ ಹೊತ್ತಿನಲ್ಲಿ ಆಪರೇಟರ್ ಏನಾದರೂ ತಿದ್ದಿದರೇ ಎಂದು ಆಗಾಗ ನೋಡಬೇಕಿದ್ದ ಪ್ರೋಗ್ರಾಂ, ಒಂದು ದೋಷದಿಂದಾಗಿ, ಮೊದಲ ಅಯಸ್ಕಾಂತದ ಸರದಿಯಲ್ಲಿ ಮಾತ್ರ ನೋಡಿ ಆಮೇಲೆ ನೋಡುವುದನ್ನೇ ಬಿಡುತ್ತಿತ್ತು. ಎಂಟು ಸೆಕೆಂಡಿನೊಳಗೆ ಮಾಡಿದ ತಿದ್ದುಪಡಿ ಪರದೆಗೆ ತಲುಪಿತು. ಯಂತ್ರದ ಮೇಲ್ಭಾಗದ ತಿರುಗುಮಣೆಗೂ ತಲುಪಿ, ಅದು ಎಲೆಕ್ಟ್ರಾನ್ ಸ್ಥಾನಕ್ಕೆ ತಿರುಗಿತು. ಕಿರಣದ ಬಲವನ್ನು ನಿರ್ಧರಿಸುವ ಭಾಗಕ್ಕೆ ಮಾತ್ರ ತಲುಪಲಿಲ್ಲ. ಎಕ್ಸ್-ರೇಗೆಂದು ಅಣಿಯಾದ ಪ್ರಬಲ ಕಿರಣ ನಡುವೆ ತಡೆಯಿಲ್ಲದೆ ರೋಗಿಯ ಬೆನ್ನಿಗೆ ಬಡಿಯಿತು. ‘ಮಾಲ್‌ಫಂಕ್ಷನ್ 54’ ಎಂಬ ಅರ್ಥವಾಗದ ಸಂದೇಶ ಬಂದು ಯಂತ್ರ ನಿಂತಿತು. ಕೇಳಿದ್ದು 202 ಮಾನ, ಕೊಟ್ಟದ್ದು 6 ಎಂದು ಪರದೆ ತೋರಿಸಿತು. ಕಡಿಮೆಯಾಯಿತೆಂದುಕೊಂಡ ಆಪರೇಟರ್ ಮುಂದುವರಿಸುವ ಕೀಲಿ ಒತ್ತಿದರು. ಕೋಣೆಯೊಳಗಿನ ದನಿ ಕೇಳಿಸುವ ಉಪಕರಣ ಅಂದು ಕೆಟ್ಟಿತ್ತು, ದೃಶ್ಯ ತೋರಿಸುವ ಟಿವಿಗೆ ಸಂಪರ್ಕವಿರಲಿಲ್ಲ. ಕೊಡಬೇಕಾಗಿದ್ದದ್ದು 180 ರ್‍ಯಾಡ್ ವಿಕಿರಣ. ರೋಗಿಗೆ ತಗುಲಿದ್ದು 16,500ರಿಂದ 25,000 ರ್‍ಯಾಡ್ ಎಂದು ಆಮೇಲೆ ಅಂದಾಜು ಮಾಡಲಾಯಿತು. ಐದು ತಿಂಗಳ ಬಳಿಕ ಅವರು ತೀರಿಕೊಂಡರು.

ಏಪ್ರಿಲ್ 11ರಂದು ಅದೇ ಆಸ್ಪತ್ರೆಯಲ್ಲಿ, ಅದೇ ಆಪರೇಟರ್ ಕೈಯಲ್ಲಿ ಮತ್ತೊಮ್ಮೆ ಹಾಗೇ ಆಯಿತು. ಆ ರೋಗಿ ಮೂರು ವಾರವೂ ಉಳಿಯಲಿಲ್ಲ. ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಸ್ ಹೇಗರ್ ಯಂತ್ರವನ್ನು ನಿಲ್ಲಿಸಿ, ಆಪರೇಟರನ್ನು ಜೊತೆಗೆ ಕೂರಿಸಿಕೊಂಡು, ಒತ್ತಿದ ಕೀಲಿಗಳನ್ನೆಲ್ಲ ಮತ್ತೆ ಮತ್ತೆ ಒತ್ತಿ ನೋಡಿದರು. ದೋಷ ಕಾಣಿಸಿಕೊಂಡದ್ದು ಕೈ ವೇಗವಾಗಿ ಓಡಿದಾಗ ಮಾತ್ರ. ನಿಧಾನವಾಗಿ ಪರೀಕ್ಷಿಸಿದವರಿಗೆ ಅದು ಸಿಗುತ್ತಲೇ ಇರಲಿಲ್ಲ. ಕಂಪನಿ ಏಪ್ರಿಲ್ ನಡುವಿನಲ್ಲಿ ಎಲ್ಲ ಆಸ್ಪತ್ರೆಗಳಿಗೂ ಬರೆದ ಪತ್ರದಲ್ಲಿ ಹೇಳಿದ ತಾತ್ಕಾಲಿಕ ಪರಿಹಾರವನ್ನು ಓದಿದರೆ ನಗಬೇಕೋ ಅಳಬೇಕೋ ತಿಳಿಯದು: ಮೇಲ್ಮುಖ ಬಾಣದ ಕೀಲಿಯ ಟೋಪಿಯನ್ನು ಕಿತ್ತು, ಒಳಗಿನ ಸಂಪರ್ಕ ಕೂಡದಂತೆ ವಿದ್ಯುತ್ ಟೇಪು ಅಂಟಿಸುವುದು.

1985ರಿಂದ 1987ರ ನಡುವೆ ಈ ಯಂತ್ರದಿಂದ ಒಟ್ಟು ಆರು ಅಪಘಾತಗಳಾದವು. ಎಲ್ಲಕ್ಕೂ ಕಾರಣ ಇದೇ ದೋಷವಲ್ಲ. ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಪ್ರಕಟಿಸಿದ ಸುದೀರ್ಘ ತನಿಖಾ ಬರಹದಲ್ಲಿ ಎಲ್ಲದರ ವಿವರವಿದೆ. ಅಪೊಲೊದಲ್ಲಿ ಪರದೆ ಮಂಕಾಗಿ ಯಂತ್ರ ಸರಿಯಾಗಿ ನಡೆಯಿತು. ಟೈಲರ್‌ನಲ್ಲಿ ಪರದೆ ಸರಿಯಾಗಿದ್ದು ಯಂತ್ರ ದಾರಿ ತಪ್ಪಿತು. ಬಿಳಿಚಿಕೊಂಡ ಕಿಟಕಿ ನೋಡಲು ಎಷ್ಟೇ ಅಸಹ್ಯವಾಗಿರಲಿ, ಒಳಗೆ ಏನೋ ಕೆಟ್ಟಿದೆ ಎಂಬ ನಿಜವನ್ನಾದರೂ ಅದು ಹೇಳುತ್ತದೆ.

ಸ್ಮರಣೆ ಅಗ್ಗವಾದ ಮೇಲೆ

ಆ ಬಿಳುಪೂ ಮೆಲ್ಲಗೆ ಅಪರೂಪವಾಗತೊಡಗಿತು. 2001ರ ಮಾರ್ಚ್‌ನಲ್ಲಿ ಬಂದ ಆಪಲ್‌ನ ಮ್ಯಾಕ್ ಒಎಸ್ ಟೆನ್, 2007ರ ಜನವರಿಯಲ್ಲಿ ಅಂಗಡಿಗೆ ಬಂದ ವಿಂಡೋಸ್ ವಿಸ್ಟಾ, ಎರಡೂ ಪ್ರತಿ ಕಿಟಕಿಯ ಚಿತ್ರವನ್ನೂ ಪೂರ್ತಿಯಾಗಿ ಬೇರೆ ಬೇರೆ ಎತ್ತಿಡುವ ವಿಧಾನಕ್ಕೆ ಬಂದವು. 1984ರಲ್ಲಿ ಯೋಚಿಸಲೂ ಆಗದಿದ್ದ ದುಂದು ಇದು. ಅಡ್ಡ 1,024, ಉದ್ದ 768 ಚುಕ್ಕಿಗಳ ಬಣ್ಣದ ಕಿಟಕಿಯೊಂದಕ್ಕೆ 3 ಮೆಗಾಬೈಟ್ ಬೇಕು, ಅಂದರೆ ಮೊದಲ ಮೆಕಿಂಟೋಷಿನ ಇಡೀ ಸ್ಮರಣೆಯ 24 ಪಟ್ಟು. ಮುಚ್ಚಿದ ಕಿಟಕಿ ತೆರೆದಾಗ ಪ್ರೋಗ್ರಾಮನ್ನು ಕೇಳಬೇಕಾಗಿಲ್ಲ, ಎತ್ತಿಟ್ಟ ಚಿತ್ರವನ್ನು ಹಚ್ಚಿದರಾಯಿತು. ಬೀಸಣಿಗೆಯಂತೆ ಹರಡುತ್ತಿದ್ದ ಅಚ್ಚುಗಳು ಮಾಯವಾದವು.

ಆದರೆ ಸತ್ತ ಪ್ರೋಗ್ರಾಮಿನ ಕೊನೆಯ ಚಿತ್ರವೂ ಇದರಿಂದ ಬದುಕಿರುವಂತೆಯೇ ಕಾಣತೊಡಗಿತು. ವಿಂಡೋಸ್ ಎಕ್ಸ್‌ಪಿ 2001ರಲ್ಲೇ ಇನ್ನೊಂದು ಕೈಚಳಕ ತಂದಿತ್ತು. ಐದು ಸೆಕೆಂಡು ಪ್ರೋಗ್ರಾಂ ತನ್ನ ಸಾಲಿಗೆ ಮರಳದಿದ್ದರೆ ಅದರ ಕಿಟಕಿಯನ್ನು ಬಚ್ಚಿಟ್ಟು, ಅದೇ ಜಾಗದಲ್ಲಿ ಅದೇ ಅಳತೆಯ ಇನ್ನೊಂದನ್ನು ನಿಲ್ಲಿಸುವುದು. ಎಳೆದರೆ ಅದು ಸರಿಯುತ್ತದೆ, ಮುಚ್ಚಬೇಕೆಂದರೆ ಮುಚ್ಚುತ್ತದೆ. ಒಳಗೆ ಯಾರೂ ಇಲ್ಲ. ಅದನ್ನು ಕಟ್ಟಿದವರೇ ಇಟ್ಟ ಹೆಸರು ‘ಘೋಸ್ಟ್ ವಿಂಡೋ’, ಅಂದರೆ ದೆವ್ವದ ಕಿಟಕಿ. ತಲೆಪಟ್ಟಿಯಲ್ಲಿ ‘ಪ್ರತಿಕ್ರಿಯಿಸುತ್ತಿಲ್ಲ’ ಎಂದು ಬರೆಯುವಷ್ಟು ಪ್ರಾಮಾಣಿಕತೆ ಅದಕ್ಕಿದೆ ಎಂಬುದನ್ನೂ ಹೇಳಬೇಕು.

ಮೊಬೈಲ್ ಫೋನುಗಳು ಬಂದ ಮೇಲೆ ಪರದೆಯ ಸರದಿಯೇ ಬದಲಾಯಿತು. ಮೌಸಿನ ಬಾಣ ಒಂದಿಷ್ಟು ಹಿಂದೆ ಬಿದ್ದರೆ ಗೊತ್ತಾಗುವುದಿಲ್ಲ. ಬೆರಳಿನ ಕೆಳಗಿನ ಚಿತ್ರ ಹಿಂದೆ ಬಿದ್ದರೆ ಅಂತರ ಕಣ್ಣಿಗೇ ಹೊಡೆಯುತ್ತದೆ. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಪ್ರತಿ ಚಿತ್ರಕ್ಕೂ ಸಿಗುವುದು ಸೆಕೆಂಡಿನ ಸಾವಿರದಲ್ಲಿ ಸುಮಾರು 16 ಪಾಲು. ಗೂಗಲ್ 2012ರಲ್ಲಿ ಆಂಡ್ರಾಯ್ಡ್ 4.1ಕ್ಕಾಗಿ ಕೈಗೊಂಡ ‘ಪ್ರಾಜೆಕ್ಟ್ ಬಟರ್’ ಎಂಬ ಬೆಣ್ಣೆಯ ಹೆಸರಿನ ಯೋಜನೆಯಲ್ಲಿ, ಚಿತ್ರ ಬರೆಯುವುದನ್ನೂ ಬೆರಳನ್ನು ಆಲಿಸುವುದನ್ನೂ ಪರದೆಯ ಆ ಮಿಡಿತಕ್ಕೇ ಕಟ್ಟಿಹಾಕಲಾಯಿತು. 2013ರಲ್ಲಿ ಜಿಟಿಕೆ ಕೂಡ ಅಂಥದೇ ‘ಫ್ರೇಮ್ ಕ್ಲಾಕ್’ ಅಳವಡಿಸಿಕೊಂಡಿತು. ಕೈ ಖಾಲಿಯಾದಾಗ ಬರೆಯುವುದು ಎಂಬ ಹಳೆಯ ನಿಯಮದ ಬದಲು, ಗಂಟೆ ಹೊಡೆದಾಗಲೆಲ್ಲ ಹಲಗೆಯ ಮುಂದೆ ಹಾಜರಿರಬೇಕು ಎಂಬ ನಿಯಮ ಬಂತು.

2007ರ ಮೊದಲ ಐಫೋನ್ ಈ ಪ್ರಶ್ನೆಯನ್ನು ಎದುರಿಸಿದ ರೀತಿ ಎಲ್ಲಕ್ಕಿಂತ ಭಿನ್ನ. ಬೆರಳಿನಿಂದ ಜೋರಾಗಿ ತಳ್ಳಿದರೆ ಪುಟವನ್ನು ಅಷ್ಟು ವೇಗವಾಗಿ ಬರೆದು ಮುಗಿಸುವ ಶಕ್ತಿ ಅದರ ಪ್ರೊಸೆಸರಿಗೆ ಇರಲಿಲ್ಲ. ಪುಟ ಸಿದ್ಧವಾಗುವ ತನಕ ಬೆರಳನ್ನು ಕಾಯಿಸುವುದೇ, ಅಥವಾ ಪುಟ ಇಲ್ಲದೆಯೇ ಬೆರಳಿನ ಹಿಂದೆ ಓಡುವುದೇ? ಆಪಲ್ ಎರಡನೆಯದನ್ನು ಆರಿಸಿತು. ಇನ್ನೂ ಬರೆದಿರದ ಜಾಗವನ್ನು ಬಿಳಿಯಾಗಿ ಬಿಡದೆ, ಚದುರಂಗದ ಹಾಸಿನಂತೆ ಬೂದುಬಣ್ಣದ ಚೌಕಗಳಿಂದ ತುಂಬಿತು. ಸ್ವಲ್ಪ ತಡೆದರೆ ಆ ಚೌಕಗಳು ಒಂದೊಂದಾಗಿ ಕರಗಿ ಅಕ್ಷರಗಳು ಮೂಡುತ್ತಿದ್ದವು. ಪ್ರೊಸೆಸರುಗಳು ಚುರುಕಾದಂತೆ ಮುಂದಿನ ವರ್ಷಗಳಲ್ಲಿ ಆ ಚೌಕಗಳೂ ಕಣ್ಮರೆಯಾದವು.